ಲೋಲಕದ ಪ್ರಯೋಗ: ಉತ್ತರದಲ್ಲಿ ಎಷ್ಟು ಅಂಕಿ ಬರೆಯಬೇಕು?

ದಾವಣಗೆರೆ_ಪಿಯು:
ಎಲ್ಲರಿಗೂ ನಮಸ್ಕಾರ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಸರಳ ಲೋಲಕದ ಪ್ರಯೋಗ ಮಾಡಿದೆ. ಉದ್ದ 80.0 ಸೆಂ.ಮೀ. 20 ಆಂದೋಲನಕ್ಕೆ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ 35.92 ಸೆಕೆಂಡ್. ಸೂತ್ರಕ್ಕೆ (ಜಿ = 4π² × ಉದ್ದ ÷ ಒಂದು ಆಂದೋಲನದ ಸಮಯದ ವರ್ಗ) ಹಾಕಿದರೆ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ 9.79122564 ಬಂತು, ಹಾಗೇ ರೆಕಾರ್ಡ್‌ನಲ್ಲಿ ಬರೆದೆ. ಲೆಕ್ಚರರ್ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. 20ರಲ್ಲಿ ಎರಡೇ ಅಂಕಿ ಇದೆ, ಉತ್ತರಕ್ಕೂ ಎರಡೇ ಸಾಕು ಅಂತ ಗೆಳೆಯ ಹೇಳುತ್ತಾನೆ. ಹೌದಾ?

ಲ್ಯಾಬ್_ಮೇಷ್ಟ್ರು:
ನೋಡಪ್ಪ, 20 ನೀನು ಎಣಿಸಿದ್ದು, ಅಳೆದದ್ದಲ್ಲ. ಸರಿಯಾಗಿ ಎಣಿಸಿದ್ದರೆ ಅದರಲ್ಲಿ ಅನುಮಾನವೇ ಇಲ್ಲ, ಹಾಗಾಗಿ ಅದು ಉತ್ತರದ ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ. ಅನುಮಾನ ಇರುವುದು ಉದ್ದ ಮತ್ತು ಸಮಯದಲ್ಲಿ.

ಮೊಬೈಲ್ ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ, ಸರಿ. ಆದರೆ ಒತ್ತುವುದು ನಿನ್ನ ಬೆರಳು. ಶುರು ಮಾಡುವಾಗ, ನಿಲ್ಲಿಸುವಾಗ ಎರಡೂ ಸೇರಿ 0.2 ಸೆಕೆಂಡ್ ಆಚೀಚೆ ಆಗುತ್ತದೆ ಅಂತ ಇಟ್ಟುಕೋ. 35.92ರಲ್ಲಿ ಅದು ಸುಮಾರು ಶೇ. 0.56. ಸೂತ್ರದಲ್ಲಿ ಸಮಯದ ವರ್ಗ ಇದೆ ಅಲ್ವಾ, ಆದ್ದರಿಂದ ಅದು ಎರಡು ಪಟ್ಟಾಗಿ ಶೇ. 1.1. ಸ್ಕೇಲಿನಲ್ಲಿ 0.1 ಸೆಂ.ಮೀ ಹೆಚ್ಚುಕಮ್ಮಿ ಅಂದರೆ ಶೇ. 0.13, ಅದು ಚಿಕ್ಕದು. ಒಟ್ಟು ಶೇ. 1.2, ಅಂದರೆ ಜಿ ಬೆಲೆಯಲ್ಲಿ 0.12ರಷ್ಟು. ಮೊದಲ ದಶಾಂಶದಲ್ಲೇ ಅನುಮಾನ ಶುರುವಾದ ಮೇಲೆ ಅದರ ನಂತರದ 9122564 ಸುಮ್ನೆ ಕ್ಯಾಲ್ಕುಲೇಟರ್ ಕೊಟ್ಟದ್ದು, ಪ್ರಯೋಗ ಕೊಟ್ಟದ್ದಲ್ಲ. 9.8 ± 0.1 ಮೀ/ಸೆ² ಅಂತ ಬರಿ. ಗೆಳೆಯ ಹೇಳಿದಂತೆ ಎರಡೇ ಅಂಕಿ ಉಳಿಯಿತು, ಆದರೆ ಅವನು ಹೇಳಿದ ಕಾರಣಕ್ಕಲ್ಲ. ಲೆಕ್ಕದ ಮಧ್ಯೆ ಮಾತ್ರ ಅಂಕಿ ಕತ್ತರಿಸಬೇಡ, ಕೊನೆಗೆ ಒಂದೇ ಸಲ.

ದಾವಣಗೆರೆ_ಪಿಯು:
ತುಂಬಾ ಥ್ಯಾಂಕ್ಸ್ ಸರ್. ಪುಸ್ತಕದಲ್ಲಿ 9.81 ಅಂತಿದೆಯಲ್ಲ, ಹಾಗಾದರೆ ನನ್ನದು ತಪ್ಪಾ? ಇನ್ನೊಂದು ಅಂಕಿ ಬೇಕು ಅಂದರೆ ಏನು ಮಾಡಬೇಕು?

ಲ್ಯಾಬ್_ಮೇಷ್ಟ್ರು:
ತಪ್ಪಲ್ಲ. 9.80665 ಅನ್ನುವುದು 1901ರಲ್ಲಿ ಎಲ್ಲರೂ ಒಪ್ಪಿಕೊಂಡ ಪ್ರಮಾಣ ಬೆಲೆ, ನಮ್ಮೂರಿನಲ್ಲಿ ಅಳೆದದ್ದಲ್ಲ. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ, ಎತ್ತರಕ್ಕೆ ಹೋದಷ್ಟೂ ಜಿ ಕಮ್ಮಿ. ದಾವಣಗೆರೆ 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ 9.78ರ ಹತ್ತಿರ ಬರಬೇಕು. ನಿನ್ನ 9.7ರಿಂದ 9.9ರ ಒಳಗೆ ಎರಡೂ ಇವೆ. ಎರಡರಲ್ಲಿ ಯಾವುದು ಅಂತ ಹೇಳುವ ಶಕ್ತಿ ಈ ಪ್ರಯೋಗಕ್ಕೆ ಇಲ್ಲ.

ಇನ್ನೊಂದು ಅಂಕಿ ಬೇಕಾದರೆ 50 ಆಂದೋಲನ ಎಣಿಸು. ಬೆರಳಿನ 0.2 ಸೆಕೆಂಡ್ ಅಷ್ಟೇ ಇರುತ್ತದೆ, ಒಟ್ಟು ಸಮಯ ಮಾತ್ರ 90 ಸೆಕೆಂಡ್ ಹತ್ತಿರ ಹೋಗುತ್ತದೆ. ಆಗ ಅನಿಶ್ಚಿತತೆ 0.06ಕ್ಕೆ ಇಳಿದು ಎರಡನೇ ದಶಾಂಶ ಬರೆಯಬಹುದು.

ದುರ್ಗದ_ಹುಡುಗಿ:
ಮಧ್ಯೆ ಬಂದೆ, ಕ್ಷಮಿಸಿ. ಆ 80.0 ಗುಂಡಿನ ನಡುವಿನವರೆಗೆ ಅಳೆದದ್ದಾ, ಗುಂಡಿನ ಮೇಲಿನ ಕೊಕ್ಕೆವರೆಗೆ ಮಾತ್ರಾನಾ? ಒಂದು ಸೆಂ.ಮೀ ಬಿಟ್ಟುಹೋದರೂ ಜಿ 0.12 ಕಮ್ಮಿ ಬರುತ್ತದೆ, 50 ಅಲ್ಲ 500 ಎಣಿಸಿದರೂ ಅದು ಹೋಗುವುದಿಲ್ಲ. ಸಣ್ಣ ಉದ್ದಗಳನ್ನು ನಿಖರವಾಗಿ ಅಳೆಯುವ ವರ್ನಿಯರ್‌ನಲ್ಲಿ ಗುಂಡಿನ ವ್ಯಾಸ ನೋಡಿ, ಅದರ ಅರ್ಧ ಮತ್ತು ಕೊಕ್ಕೆಯ ಉದ್ದ ಎರಡನ್ನೂ ದಾರದ ಉದ್ದಕ್ಕೆ ಸೇರಿಸಿ.