ಅಯೋಡೋಬೆಂಜೀನ್ ಇಎಸ್‌ಪಿ ಮ್ಯಾಪ್‌ನಲ್ಲಿ ಸಿಗ್ಮಾ ಹೋಲ್ ಬರ್ತಿಲ್ಲ, ಮಾಡಿದವ್ರು ಅನುಭವ ಹೇಳಿ

ಎಂಎಸ್ಸಿ ಪ್ರಾಜೆಕ್ಟ್‌ಗೆ ಫ್ಲೋರೋ, ಕ್ಲೋರೋ, ಬ್ರೋಮೋ, ಅಯೋಡೋಬೆಂಜೀನ್ ನಾಲ್ಕಕ್ಕೂ ಎಲೆಕ್ಟ್ರೋಸ್ಟ್ಯಾಟಿಕ್ ಪೊಟೆನ್ಷಿಯಲ್ (ಇಎಸ್‌ಪಿ) ಮ್ಯಾಪ್ ಬೇಕು. ಅವೊಗಾಡ್ರೋ ಸಾಫ್ಟ್‌ವೇರ್‌ನಲ್ಲಿ ಮಾಲಿಕ್ಯೂಲ್ ಬರೆದು ಸರ್ಫೇಸ್ ಹಾಕ್ದೆ, ಹ್ಯಾಲೊಜನ್ ಪೂರ್ತಿ ಕೆಂಪು (ನೆಗೆಟಿವ್). ಪೇಪರ್‌ಗಳಲ್ಲಿ ಅಯೋಡಿನ್ ತುದೀಲಿ ನೀಲಿ (ಪಾಸಿಟಿವ್) ಚುಕ್ಕೆ, ಅದೇ ಸಿಗ್ಮಾ ಹೋಲ್, ಇರುತ್ತಲ್ಲ, ನನಗ್ಯಾಕೆ ಬರ್ತಿಲ್ಲ? ನಮ್ಮಲ್ಲಿ ಗೌಸಿಯನ್ (ಕ್ವಾಂಟಮ್ ಲೆಕ್ಕದ ಸಾಫ್ಟ್‌ವೇರ್) ಲೈಸೆನ್ಸ್ ಇಲ್ಲ.

ಉತ್ತರ 1
ನಂಗೂ ಮೊದಲ ಸಲ ಹಿಂಗೇ ಆಗಿತ್ತು. ಬರೆದ ತಕ್ಷಣ ಸರ್ಫೇಸ್ ಹಾಕಿದ್ರೆ ಅದು ಒಂದೊಂದು ಆಟಮ್‌ಗೆ ಒಂದು ಪಾಯಿಂಟ್ ಚಾರ್ಜ್ ಇಟ್ಕೊಂಡು ಲೆಕ್ಕ ಹಾಕುತ್ತೆ, ಹ್ಯಾಲೊಜನ್‌ಗೆ ನೆಗೆಟಿವ್ ಚಾರ್ಜ್ ಅಂದ್ಮೇಲೆ ಸುತ್ತಲೂ ಕೆಂಪೇ. ಆದ್ರೆ ನಿಜವಾಗ್ಲೂ ಕಾರ್ಬನ್-ಅಯೋಡಿನ್ ಬಾಂಡ್ ನೇರಕ್ಕೆ ಮುಂದೆ ಎಲೆಕ್ಟ್ರಾನ್ ತೆಳುವಾಗಿರುತ್ತೆ, ಪಕ್ಕದಲ್ಲಿ ದಟ್ಟವಾಗಿರುತ್ತೆ. 2007ರಲ್ಲಿ ಕ್ಲಾರ್ಕ್, ಪೊಲಿಟ್ಜರ್ ಮತ್ತವರ ಜೊತೆಗಾರರು ಸಿಗ್ಮಾ ಹೋಲ್ ಅಂತ ಹೆಸರಿಟ್ಟಿದ್ದು ಇದಕ್ಕೇ. ಇದನ್ನ ಪಾಯಿಂಟ್ ಚಾರ್ಜ್ ತೋರಿಸೋಕಾಗಲ್ಲ, ಕ್ವಾಂಟಮ್ ಲೆಕ್ಕಾನೇ ಬೇಕು. ಅದಕ್ಕೆ ಆರ್ಕಾ ಅನ್ನೋ ಸಾಫ್ಟ್‌ವೇರ್ ಕಾಲೇಜಿನವರಿಗೆ ಫ್ರೀ. ಬಿ3ಎಲ್‌ವೈಪಿ (ಲೆಕ್ಕದ ವಿಧಾನ), ಡೆಫ್2-ಟಿಝಡ್‌ವಿಪಿ (ಬೇಸಿಸ್ ಸೆಟ್, ಅಂದ್ರೆ ಆರ್ಬಿಟಲ್ ಕಟ್ಟೋ ಫಂಕ್ಷನ್‌ಗಳ ಗುಂಪು) ಹಾಕಿ ಆಪ್ಟಿಮೈಸ್ ಮಾಡಿ, ಮೋಲ್ಡನ್ ಫೈಲ್ (ಆರ್ಬಿಟಲ್‌ಗಳ ಫೈಲ್) ತೆಗೆದು ಮಲ್ಟಿಡಬ್ಲ್ಯುಎಫ್‌ಎನ್ ಅನ್ನೋ ಅನಾಲಿಸಿಸ್ ಪ್ರೋಗ್ರಾಂಗೆ ಕೊಡಿ, ಡೆನ್ಸಿಟಿ ಕ್ಯೂಬ್ (ಜಾಗ ಜಾಗದ ಬೆಲೆ ಇರೋ ಫೈಲ್) ಒಂದು, ಪೊಟೆನ್ಷಿಯಲ್ ಕ್ಯೂಬ್ ಒಂದು ಬರುತ್ತೆ, ಚಿತ್ರ ತೋರಿಸೋ ವಿಎಂಡಿ ಪ್ರೋಗ್ರಾಂನಲ್ಲಿ ಮೊದಲನೇದನ್ನ 0.001 ಎ.ಯು. (ಅಟಾಮಿಕ್ ಯೂನಿಟ್) ಸರ್ಫೇಸ್ ಮಾಡಿ ಅದರ ಮೇಲೆ ಎರಡನೇದರ ಬಣ್ಣ ಹಚ್ಚಿ. 6-31ಜಿ ಬೇಸಿಸ್ ಸೆಟ್ ಹಾಕ್ಬೇಡಿ, ಅದರಲ್ಲಿ ಅಯೋಡಿನ್ ಇಲ್ಲ.

ಉತ್ತರ 2
ಬಣ್ಣದ ರೇಂಜ್ ಮರೀಬ್ಯಾಡ್ರಿ. ಸಾಫ್ಟ್‌ವೇರ್‌ಗೆ ಬಿಟ್ರ ಒಂದೊಂದು ಮಾಲಿಕ್ಯೂಲ್‌ಗೆ ಒಂದೊಂದು ರೇಂಜ್ ಹಾಕ್ತದ, ಆಮ್ಯಾಲೆ ನಾಲ್ಕೂ ಚಿತ್ರ ಪಕ್ಕಪಕ್ಕ ಇಟ್ರ ಹೋಲಿಕೆಗೆ ಅರ್ಥಾನ ಇರೂದಿಲ್ಲ. ನಾಲ್ಕಕ್ಕೂ -20ರಿಂದ +20 ಕಿಲೋಕ್ಯಾಲರಿ/ಮೋಲ್ ಇಡ್ರಿ. ಕ್ಯೂಬ್‌ನ್ಯಾಗ ಇರೂದು ಹಾರ್ಟ್ರಿ (ಅಟಾಮಿಕ್ ಯೂನಿಟ್‌ನ್ಯಾಗ ಶಕ್ತಿ ಅಳೆಯೂದು), 20ನ್ನ 627.5ರಿಂದ ಭಾಗಿಸಿದ್ರ ಸುಮಾರು 0.032 ಬರ್ತದ. ಚಿತ್ರದಾಗ ಬಣ್ಣದ ಪಟ್ಟಿ ಇರಲೇಬೇಕ್ರಿ, ಯಾಕಂದ್ರ ಕೆಲವು ಪೇಪರ್‌ನ್ಯಾಗ ನೀಲಿನ ನೆಗೆಟಿವ್.

ಉತ್ತರ 3
ಮೇಲಿನವರು ಹೇಳಿದ್ದೆಲ್ಲಾ ಸರಿ, ಒಂದು ಸೇರಿಸ್ತೀನಿ, ನಾನು ಇದರಲ್ಲೇ ಎರಡು ದಿನ ಕಳ್ಕೊಂಡಿದ್ದೆ. ಡೆಫ್2ನಲ್ಲಿ ಅಯೋಡಿನ್‌ನ ಒಳಗಿನ 28 ಎಲೆಕ್ಟ್ರಾನ್ ಬದಲು ಇಸಿಪಿ (ಅವುಗಳ ಪರಿಣಾಮಾನ ಲೆಕ್ಕಕ್ಕೆ ತರೋ ಪೊಟೆನ್ಷಿಯಲ್) ಕೂತಿರುತ್ತೆ. ನನ್ನ ಮೋಲ್ಡನ್ ಫೈಲ್‌ನಲ್ಲಿ ನ್ಯೂಕ್ಲಿಯಸ್ ಚಾರ್ಜ್ ಮಾತ್ರ 53 ಅಂತಾನೇ ಇತ್ತು, ಹಂಗಾಗಿ ಇಡೀ ಮಾಲಿಕ್ಯೂಲ್ ಕಡುನೀಲಿ ಬಂತು, ಬೆಂಜೀನ್ ರಿಂಗ್ ಕೂಡ. ಅಲ್ಲಿ 25 ಅಂತ ತಿದ್ದಿದ ಮೇಲೆ ಸರಿಹೋಯ್ತು. ಬ್ರೋಮಿನ್‌ವರೆಗೆ ಈ ತೊಂದ್ರೆ ಇಲ್ಲ. ಆಮೇಲೆ ಮಾಲಿಕ್ಯೂಲ್‌ನ ತಿರುಗಿಸಿ ಅಯೋಡಿನ್ ನಿಮ್ಮ ಕಡೆ ಮುಖ ಮಾಡೋ ಹಂಗೆ ನೋಡಿ, ಪಕ್ಕದಿಂದ ಚುಕ್ಕೆ ಅರ್ಧ ಮುಚ್ಚಿಹೋಗುತ್ತೆ.

ಕೇಳಿದವರು
ಬಂತು! ನಂದೂ 53 ಅಂತಾನೇ ಇತ್ತು. ಅಯೋಡಿನ್‌ಗೆ ಚೆನ್ನಾಗಿ ಕಾಣ್ತಿದೆ, ಬ್ರೋಮಿನ್‌ಗೆ ಸ್ವಲ್ಪ ಕಮ್ಮಿ, ಕ್ಲೋರಿನ್‌ಗೆ ತೀರಾ ಮಸುಕು, ಫ್ಲೋರಿನ್‌ಗೆ ಇಲ್ವೇ ಇಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಈಗ ಪ್ಯಾರಾ ಜಾಗಕ್ಕೆ ನೈಟ್ರೋ ಹಾಕಿ ಚುಕ್ಕೆ ಎಷ್ಟು ಜಾಸ್ತಿಯಾಗುತ್ತೆ ನೋಡ್ತೀನಿ.