ವೈನ್ ಬೋರ್ಡ್ ನಮ್ಮ ದ್ರಾಕ್ಷಿ ಕೊಳ್ಳುತ್ತದಾ?

ಪ್ರಶ್ನೆ (ವಿಜಯಪುರ ಜಿಲ್ಲೆಯ ರೈತ): ಸರ್, ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ. ಎಲ್ಲಾ ಥಾಮ್ಸನ್, ಬೀಜವಿಲ್ಲದ ತಳಿ, ಒಣದ್ರಾಕ್ಷಿಗೇ ಹೋಗುತ್ತದೆ. ಎರಡು ಎಕರೆ ಕಿತ್ತು ವೈನ್ ತಳಿ ಹಾಕು, ಸರ್ಕಾರದ ವೈನ್ ಬೋರ್ಡ್ ಇದೆ, ಮಾಲು ಅವರೇ ತಗೊಳ್ತಾರೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ನಿಜವೇ?

ಉತ್ತರ (ತೋಟಗಾರಿಕೆ ಇಲಾಖೆಯ ನಿವೃತ್ತ ಅಧಿಕಾರಿ): ಇಲ್ಲ ಸರ್. ಬೋರ್ಡ್ ಒಂದು ಗೊನೆಯನ್ನೂ ಕೊಳ್ಳುವುದಿಲ್ಲ.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಕರ್ನಾಟಕ ವೈನ್ ಬೋರ್ಡ್ ಹುಟ್ಟಿದ್ದು ಅದರಿಂದಲೇ. ಅದು ತೋಟಗಾರಿಕೆ ಇಲಾಖೆಯ ಅಡಿ ಬರುತ್ತದೆ. ಬೆಳೆಗಾರರಿಗೆ ಸಲಹೆ, ವೈನರಿಗಳ (ವೈನ್ ತಯಾರಿಸುವವರ) ಪರಿಚಯ, ವೈನ್ ಮೇಳ, ಸರ್ಕಾರಕ್ಕೆ ಶಿಫಾರಸು, ಇಷ್ಟು ಅದರ ಕೆಲಸ. ಲೈಸೆನ್ಸ್ ಕೊಡುವುದು ಕೂಡ ಅಬಕಾರಿ ಇಲಾಖೆ. ಸಲಹೆ ಕೇಳಲು ಖಂಡಿತ ಹೋಗಿ, ಗಿರಾಕಿ ಎಂದುಕೊಂಡು ಹೋಗಬೇಡಿ.

ಥಾಮ್ಸನ್‌ಗೆ ರೇಟು ಬೀಳದಿದ್ದರೆ ಒಣಗಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತೀರಿ, ಅಲ್ವಾ? ವೈನ್ ತಳಿಗಳಾದ ಕ್ಯಾಬರ್ನೆ, ಶಿರಾಜ್‌ಗೆ ಆ ದಾರಿ ಇಲ್ಲ. ಕಾಯಿ ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ. ತಿನ್ನಲು ಯಾರೂ ಕೊಳ್ಳುವುದಿಲ್ಲ, ಒಣಗಿಸಿದರೂ ನಡೆಯುವುದಿಲ್ಲ. ಹಣ್ಣಾದ ಮೇಲೆ ವೈನರಿ ಲಾರಿ ಬರಲೇಬೇಕು. ಬರದಿದ್ದರೆ ಗಿಡದಲ್ಲೇ ಹೋಯಿತು.

ಸುಮ್ನೆ ಹೆದರಿಸುತ್ತಿಲ್ಲ. ಮಹಾರಾಷ್ಟ್ರ ನಮಗಿಂತ ಮೊದಲೇ, 2001ರಲ್ಲಿ, ಇಂಥದೇ ನೀತಿ ತಂದಿತ್ತು. ನಾಸಿಕ್ ಕಡೆ ಬಹಳ ಜನ ವೈನ್ ತಳಿ ಹಾಕಿದರು. 2008ರಲ್ಲಿ ಆರ್ಥಿಕ ಹಿಂಜರಿತ ಬಂತು, ಅದೇ ವರ್ಷ ಮುಂಬೈ ದಾಳಿಯೂ ಆಯಿತು. ಹೋಟೆಲ್‌ಗಳಿಗೆ ಜನ ಬರುವುದು ಕಡಿಮೆಯಾಯಿತು, ವೈನ್ ಟ್ಯಾಂಕಿನಲ್ಲೇ ಉಳಿಯಿತು. ಎಷ್ಟೋ ರೈತರು ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿ ಹಾಕಿದರು.

ಪ್ರಶ್ನೆ (ದೊಡ್ಡಬಳ್ಳಾಪುರ): ನಮ್ಮದು ಬೆಂಗಳೂರು ಬ್ಲೂ. ಅದರಿಂದಲೂ ವೈನ್ ಮಾಡುತ್ತಾರಲ್ಲ ಸರ್?

ಉತ್ತರ: ಮಾಡುತ್ತಾರೆ, ಸಿಹಿ ಪೋರ್ಟ್ ತರಹದ ವೈನ್‌ಗೆ. ನಂದಿ ಬೆಟ್ಟದ ತಪ್ಪಲಿನ ದೊಡ್ಡ ವೈನರಿಯವರು ಬೆಳೆಸುವುದು ಫ್ರೆಂಚ್ ತಳಿ, ಅದೇ ಬೇರೆ. ನಿಮಗೊಂದು ಅನುಕೂಲ ಇದೆ. ಬೆಂಗಳೂರು ಬ್ಲೂ ತಿನ್ನಲೂ ಹೋಗುತ್ತದೆ, ಜ್ಯೂಸ್‌ಗೂ ಹೋಗುತ್ತದೆ. ವೈನರಿಯವರು ಕೈಬಿಟ್ಟರೂ ಮಾರ್ಕೆಟ್ ಇರುತ್ತದೆ.

ಪ್ರಶ್ನೆ (ವಿಜಯಪುರದವರೇ): ಹಾಗಾದರೆ ಹಾಕಲೇಬಾರದಾ ಸರ್?

ಉತ್ತರ: ಹಾಗೆ ಹೇಳುವುದಿಲ್ಲ. ಕೃಷ್ಣಾ ಕಣಿವೆಯ ಒಣ ಹವೆ ವೈನ್ ದ್ರಾಕ್ಷಿಗೆ ಒಳ್ಳೆಯದೇ. ಕೊಪ್ಪಳದ ಕಡೆ, ಹಂಪಿ ಬೆಟ್ಟಗಳ ಹತ್ತಿರವೂ ಒಳ್ಳೆ ವೈನ್ ಆಗುತ್ತಿದೆ. ಕರಾರು ಬರೆಸಿಕೊಂಡೇ ನೆಡಿ, ನನ್ನ ಮಾತು ಇಷ್ಟೇ. ರೇಟು ಎಷ್ಟು ಬ್ರಿಕ್ಸ್‌ಗೆ? ಬ್ರಿಕ್ಸ್ ಅಂದರೆ ರಸದಲ್ಲಿನ ಸಕ್ಕರೆಯ ಅಳತೆ. 22ಕ್ಕೆ ಬಂದರೆ ಒಂದು, 24ಕ್ಕೆ ಬಂದರೆ ಇನ್ನೊಂದಾ? ಅಳೆಯುವಾಗ ನೀವು ಪಕ್ಕದಲ್ಲಿ ಇರುತ್ತೀರಾ? ಕಟಾವಿನ ಕೂಲಿ, ಲಾರಿ ಬಾಡಿಗೆ ಯಾರದು? ದುಡ್ಡು ಯಾವಾಗ? ಕರಾರು ಎಷ್ಟು ವರ್ಷಕ್ಕೆ? ಬಳ್ಳಿ ಹದಿನೈದು ವರ್ಷ ಇರುತ್ತದೆ, ಕಾಗದ ಮೂರು ವರ್ಷಕ್ಕಾದರೆ ಉಳಿದದ್ದಕ್ಕೆ ಯಾರು ಹೊಣೆ?

ಇನ್ನೊಂದು ಮಾತು. ಗುಣಮಟ್ಟ ನೋಡುವ ವೈನರಿಯವರು ಇಳುವರಿ ಕಡಿಮೆ ಇರಲಿ ಎನ್ನುತ್ತಾರೆ. ಹಸಿರು ಗೊನೆ ಕಿತ್ತು ಹಾಕಿ ಎನ್ನುತ್ತಾರೆ. ಒಣದ್ರಾಕ್ಷಿ ಮಾಡಿದವರಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ರೇಟು ಕೇಳುವಾಗ ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಎರಡು ದಿನದ ನಂತರ, ಅವರೇ): ವೈನರಿಯವರಿಗೆ ಫೋನ್ ಮಾಡಿ ಕರಾರು ಕೇಳಿದೆ ಸರ್. ‘ನೀವು ಮೊದಲು ಹಾಕಿ, ಆಮೇಲೆ ನೋಡೋಣ’ ಅಂದರು.

ಉತ್ತರ: ಹಾಗಾದರೆ ಈ ಏಪ್ರಿಲ್‌ಗೂ ಥಾಮ್ಸನ್‌ಗೇ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿ.