ಹಾಸಿಗೆ ಒದ್ದೆ ಮಾಡುವ ಮಗು ಮುಂದೆ ಸರಣಿ ಕೊಲೆಗಾರ ಆಗುತ್ತಾ?

ಪ್ರಶ್ನೆ:
ನನ್ನ ಮಗನಿಗೆ 9 ವರ್ಷ. ಈಗಲೂ ವಾರಕ್ಕೆ ಎರಡು ಮೂರು ಸಲ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಹೋದ ತಿಂಗಳು ಮನೆ ಹಿಂದೆ ಕೂತು ಕಾಗದ ಸುಡುತ್ತಿದ್ದ. ಮೊನ್ನೆ ಸರಣಿ ಕೊಲೆಗಾರರ ಬಗ್ಗೆ ಒಂದು ವಿಡಿಯೊ ನೋಡಿದೆ. ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು, ಈ ಮೂರು ಅವರ ಚಿಕ್ಕಂದಿನ ಲಕ್ಷಣ ಅಂದರು. ಅವನು ಪ್ರಾಣಿಗಳಿಗೆ ಏನೂ ಮಾಡಿದ್ದು ನಾನು ನೋಡಿಲ್ಲ. ಆದರೂ ಈಗ ಅವನು ಬೆಕ್ಕಿನ ಹತ್ತಿರ ಹೋದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಹೆತ್ತ ಮಗನನ್ನೇ ಅನುಮಾನದಿಂದ ನೋಡುತ್ತಿದ್ದೇನೆ, ಅದೇ ಜಾಸ್ತಿ ಸಂಕಟ. ಇಂಥವರು ಹುಟ್ಟುತ್ತಲೇ ಹೀಗಾ, ಇಲ್ಲಾ ಬೆಳೆಸಿದ್ದರಲ್ಲಿ ತಪ್ಪಾಗುತ್ತಾ?

ಉತ್ತರ 1:
ಅಕ್ಕ, ನಾನು ಮಕ್ಕಳ ಆಪ್ತಸಮಾಲೋಚಕಿ. ಇದೇ ಭಯ ಹೊತ್ತು ಬರುವ ತಾಯಂದಿರನ್ನು ನೋಡಿದ್ದೇನೆ. ಆ ಮೂರು ಲಕ್ಷಣದ ಮಾತು ಹುಟ್ಟಿದ್ದು 1963ರಲ್ಲಿ, ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯರ ಲೇಖನದಿಂದ. ಅವರು ನೋಡಿದ್ದು 'ಕೊಲ್ಲುತ್ತೇನೆ' ಎಂದು ಬೆದರಿಕೆ ಹಾಕಿದ್ದ 100 ರೋಗಿಗಳನ್ನು, ಸರಣಿ ಕೊಲೆಗಾರರನ್ನಲ್ಲ. ಆಮೇಲಿನ ಸಂಶೋಧನೆಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ.

ಹಾಸಿಗೆ ಒದ್ದೆಯಾಗಲು ಗಾಢ ನಿದ್ದೆ, ಮಲಬದ್ಧತೆ, ಅಪ್ಪ ಅಮ್ಮನಿಗೂ ಚಿಕ್ಕಂದಿನಲ್ಲಿ ಇದ್ದದ್ದು, ಹೀಗೆ ಕಾರಣಗಳಿರುತ್ತವೆ. ಮಕ್ಕಳ ಡಾಕ್ಟರಿಗೆ ತೋರಿಸಿ. ಬೈಯಬೇಡಿ. ಬೆಂಕಿಪೊಟ್ಟಣ ಕೈಗೆ ಸಿಗದಂತೆ ಇಡಿ, ಪದೇ ಪದೇ ಕದ್ದು ಹಚ್ಚಿದರೆ ನಮ್ಮಂಥವರ ಹತ್ತಿರ ಕರೆದುಕೊಂಡು ಹೋಗಿ. ಪ್ರಾಣಿಯನ್ನು ಬೇಕೆಂದೇ ನೋಯಿಸುವುದನ್ನು ಮಾತ್ರ ಹಗುರವಾಗಿ ನೋಡಬಾರದು. ಅಂಥ ಮಗು ಬಂದರೆ ನನ್ನ ಮೊದಲ ಪ್ರಶ್ನೆ, ಈ ಮಗುವಿಗೆ ಯಾರು ಹೊಡೆಯುತ್ತಿದ್ದಾರೆ ಎಂಬುದು.

ಹುಟ್ಟಾ, ಬೆಳೆಸಿದ್ದಾ ಅಂದರೆ ಎರಡೂ ಬೆರೆತಿರುತ್ತವೆ. ಬೇರೆಯವರ ನೋವು ತಟ್ಟದ ಸ್ವಭಾವ ಕೆಲವರಿಗೆ ಚಿಕ್ಕಂದಿನಿಂದಲೇ ಇರುತ್ತದೆ. ಹೊಡೆತ, ಲೈಂಗಿಕ ದೌರ್ಜನ್ಯ, ಯಾರಿಗೂ ಬೇಡವಾಗಿ ಬೆಳೆದದ್ದು ಇಂಥ ಎಷ್ಟೋ ಕೊಲೆಗಾರರ ಹಿಂದೆ ಕಾಣುತ್ತದೆ. ಆದರೆ ಅದೇ ನರಕ ಕಂಡ ಬಹುತೇಕ ಮಕ್ಕಳು ಯಾರನ್ನೂ ಕೊಲ್ಲುವುದಿಲ್ಲ. ಇದನ್ನು ಮರೆತರೆ ಆ ಮಕ್ಕಳಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ಉತ್ತರ 2:
ನನಗೆ 13 ವರ್ಷ ಆಗುವವರೆಗೂ ಈ ತೊಂದರೆ ಇತ್ತು. ಅಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು. ಒದ್ದೆ ಚಡ್ಡಿ ಬಚ್ಚಿಡುವುದನ್ನು ಕಲಿತೆ, ಅಷ್ಟೇ. ಈಗ ನನ್ನ ಮಗಳಿಗೂ ಹೀಗೇ. ರಾತ್ರಿ ಎದ್ದು ಸುಮ್ನೆ ಹೊದಿಕೆ ಬದಲಾಯಿಸುತ್ತೇನೆ.

ಉತ್ತರ 3:
ಸರಣಿ ಕೊಲೆಗಳ ಬೇರನ್ನು ಬಾಲ್ಯದಲ್ಲಿ ಮಾತ್ರ ಹುಡುಕಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಅಮೆರಿಕದ ಗ್ಯಾರಿ ರಿಜ್ವೇ 2003ರಲ್ಲಿ 48 ಕೊಲೆ ಒಪ್ಪಿಕೊಂಡ. ಹೆಂಡತಿ ಇದ್ದಳು, ಲಾರಿಗಳಿಗೆ ಬಣ್ಣ ಬಳಿಯುವ ಕಾಯಂ ಕೆಲಸ ಇತ್ತು. ವೇಶ್ಯಾವೃತ್ತಿಯ ಹೆಣ್ಣುಮಕ್ಕಳನ್ನು ಯಾಕೆ ಆರಿಸಿಕೊಂಡೆ ಅಂತಲೂ ಹೇಳಿದ. ಅವರು ಕಾಣೆಯಾದರೆ ಬೇಗ ಯಾರೂ ದೂರು ಕೊಡುವುದಿಲ್ಲ, ಕೊಡದೆಯೂ ಇರಬಹುದು ಅಂತ. ಕೊಲೆಗಳು ಶುರುವಾಗಿದ್ದು 1982ರಲ್ಲಿ, ಸಿಕ್ಕಿಬಿದ್ದದ್ದು 2001ರಲ್ಲಿ. ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ಕೊಂದವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಮರಣ ಪ್ರಮಾಣಪತ್ರಕ್ಕೂ ಅವನದೇ ಸಹಿ. ವಿಚಾರಣಾ ಆಯೋಗ ಎಣಿಸಿದ್ದು 215 ಜನ. ವಯಸ್ಸಾಗಿತ್ತು, ಹೋದರು ಅಂತ ಎಲ್ಲರೂ ಸುಮ್ಮನಾಗಿದ್ದರು ಅಲ್ವಾ? ಒಬ್ಬನ ತಲೆ ಕೆಟ್ಟದ್ದಷ್ಟೇ ಕಾರಣ ಆಗಿದ್ದರೆ ಸಂಖ್ಯೆ ಅಷ್ಟು ಏರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವನಿಗೆ ಮಲಬದ್ಧತೆ ಮೊದಲಿನಿಂದಲೂ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ. ಒದ್ದೆ ಮಾಡಿದ್ದಕ್ಕೆ ನಾನೂ ಎರಡು ಸಲ ಹೊಡೆದಿದ್ದೇನೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ, ಅದನ್ನೂ ಹೇಳುತ್ತೇನೆ.